ಕಷ್ಟಕಾಲದ ಪ್ರಾರ್ಥನೆಗೆ ಯಾವ ಕನ್ನಡ ಸತ್ಯವೇದ? ಪುಸ್ತಕವೋ, ಆ್ಯಪೋ?

ಆಸ್ಪತ್ರೆಯ ವಾರ್ಡಿನ ಹೊರಗೆ ರಾತ್ರಿಯಿಡೀ ಕಾಯುವವರಿಗೆ, ಕೆಲಸ ಕಳೆದುಕೊಂಡವರಿಗೆ, ಸಾವಿನ ಮನೆಯವರಿಗೆ ಒಂದು ಸತ್ಯವೇದ (ಬೈಬಲ್) ಕೊಡಬೇಕು ಎಂದುಕೊಂಡು ಅಂಗಡಿಗೆ ಹೋದರೆ ಕನ್ನಡದಲ್ಲೇ ಮೂರು ನಾಲ್ಕು ಬಗೆ ಕಾಣುತ್ತವೆ. ಫೋನಿನಲ್ಲಿ ಹುಡುಕಿದರೂ ಅಷ್ಟೇ. ಹೊರಗಿನಿಂದ ಎಲ್ಲವೂ ಒಂದೇ ಥರ, ಒಳಗಿನ ಕನ್ನಡ ಮಾತ್ರ ಬೇರೆ ಬೇರೆ. ನೊಂದವರು ಬಾಯಿಬಿಟ್ಟು ಪ್ರಾರ್ಥಿಸಲು ಯಾವುದು ಒದಗುತ್ತದೆ ಎಂಬ ಒಂದೇ ಅಳತೆಯಿಂದ ಇಲ್ಲಿ ನೋಡಲಾಗಿದೆ.

ಮೊದಲು ಹಳೆಯ ಅನುವಾದ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರಲ್ಲಿ ಇಡೀ ಸತ್ಯವೇದ ಕನ್ನಡಕ್ಕೆ ಬಂದಿತು. ಆಮೇಲೆ ಹಲವು ಸಲ ತಿದ್ದುಪಡಿಯಾಗಿ ಇಂದು ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳ (ಚರ್ಚುಗಳ) ಕೈಯಲ್ಲಿರುವುದು ಬೈಬಲ್ ಸೊಸೈಟಿ ಆಫ್ ಇಂಡಿಯಾದ ‘ಸತ್ಯವೇದವು’. ಆ್ಯಪ್‌ನಲ್ಲಿ (ಯೂವರ್ಷನ್, ಅದರ ಮಾತು ಮುಂದೆ) ಇದರ ಗುರುತು ಜೆ.ವಿ. ಕೈಗೆ ಬಂದದ್ದು ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಕೀರ್ತನೆಗಳ ಪುಸ್ತಕದಲ್ಲಿ (150 ಪ್ರಾರ್ಥನಾಗೀತೆಗಳ ಭಾಗ) 23ನೆಯ ಕೀರ್ತನೆಯ ಮೊದಲ ವಚನ ತೆರೆಯಿರಿ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂದಿದ್ದರೆ ಇದೇ.

ಇದರ ಬಲ ಇರುವುದು ಗಟ್ಟಿಯಾಗಿ ಓದುವಾಗಿನ ಲಯದಲ್ಲಿ. ‘ಮೊರೆಯಿಡು’, ‘ಆಶ್ರಯ’, ‘ಕಾರ್ಗತ್ತಲಿನ ಕಣಿವೆ’ ಮುಂತಾದ ಮಾತುಗಳು ದನಿಗೆ ಸಿಕ್ಕಿದರೆ ಬೇಗ ಬಾಯಿಪಾಠವಾಗುತ್ತವೆ. ಕಣ್ಣೀರಲ್ಲಿ ಅಕ್ಷರ ಕಾಣದಿದ್ದಾಗ ಒದಗುವುದು ಬಾಯಿಪಾಠವೇ. ತೊಡಕು ಒಂದಿದೆ: ‘ಕೊರತೆಪಡೆನು’ (ಕೊರತೆಪಡುವುದಿಲ್ಲ), ‘ಹೆದರೆನು’ (ಹೆದರುವುದಿಲ್ಲ) ಎಂಬ ಹಳೆಯ ನಿಷೇಧರೂಪಗಳು. ಈಗಿನ ಹುಡುಗರು ‘ಹೆದರೆನು’ ಎಂಬುದನ್ನು ‘ಹೆದರುವೆನು’ ಎಂದು ಓದಿಬಿಡುತ್ತಾರೆ, ಅರ್ಥ ಪೂರ್ತಿ ತಿರುಗುತ್ತದೆ. ಪುಸ್ತಕ ಕೊಡುವಾಗ ಇದೊಂದನ್ನು ಹೇಳಿಕೊಡಲೇಬೇಕು.

ಸಿ.ಎಲ್. ಎಂಬ ಗುರುತಿನದು ಸಾಮಾನ್ಯ ಭಾಷೆಯ ಅನುವಾದ. ಹಳೆಯ ಒಡಂಬಡಿಕೆಯಲ್ಲಿ (ಬೈಬಲಿನ ಮೊದಲ ಭಾಗ) ದೇವರ ಹೆಸರು ‘ಯೆಹೋವ’ ಎಂದು ಇದ್ದ ಕಡೆ ಇಲ್ಲಿ ಹೆಚ್ಚಾಗಿ ‘ಸರ್ವೇಶ್ವರ’ ಎಂದು ಬರುತ್ತದೆ. ಕಥೋಲಿಕ ಚರ್ಚಿನ ಆರಾಧನೆಯಾದ ಬಲಿಪೂಜೆಯ ವಾಚನಗಳ ಕನ್ನಡಕ್ಕೆ ಇದು ಹತ್ತಿರ, ಹಾಗಾಗಿ ಕಥೋಲಿಕ ಮನೆಗೆ ಕೊಡುವುದಾದರೆ ಇದೇ ಸರಿ. ಆದರೆ ಖರೀದಿಸುವ ಮೊದಲು ಪರಿವಿಡಿ ಎಣಿಸಿ. ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟರದರಲ್ಲಿ 66. ರಕ್ಷಾಪುಟದ ಮೇಲೆ ಇದು ಎದ್ದು ಕಾಣುವುದಿಲ್ಲ. ಪ್ರಾರ್ಥನೆಯ ಭಾಷೆಯಲ್ಲೂ ವ್ಯತ್ಯಾಸವಿದೆ: ಕಥೋಲಿಕರು ‘ನಿಮ್ಮ ನಾಮ ಪೂಜಿತವಾಗಲಿ’ ಎಂದು ದೇವರನ್ನು ಬಹುವಚನದಲ್ಲಿ ಕರೆಯುತ್ತಾರೆ, ಪ್ರೊಟೆಸ್ಟೆಂಟರು ‘ನಿನ್ನ ನಾಮ’ ಎನ್ನುತ್ತಾರೆ. ಎರಡರಲ್ಲೂ ಭಕ್ತಿಯೇ ಇದೆ. ಜೊತೆಗೆ ಕೂತು ಪ್ರಾರ್ಥಿಸುವಾಗ ಆ ಮನೆಯವರ ರೂಢಿಯಂತೆ ನಡೆಯುವುದು ಒಳ್ಳೆಯದು.

ಓದಿನ ಅಭ್ಯಾಸ ಕಡಿಮೆ ಇರುವವರಿಗೂ ಸತ್ಯವೇದವನ್ನು ಮೊದಲ ಸಲ ತೆರೆಯುವವರಿಗೂ ‘ಪರಿಶುದ್ಧ ಬೈಬಲ್’ ಹೆಸರಿನ ಸುಲಭ ಅನುವಾದ ಸಾಕು. ಬೇಗ ಅರ್ಥವಾಗುತ್ತದೆ, ಲಯ ಮಾತ್ರ ಕಡಿಮೆ.

ಪುಸ್ತಕದ ಅಕ್ಷರದ ಗಾತ್ರವನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. ವಾರ್ಡಿನಲ್ಲಿ ರಾತ್ರಿ ಮಂದ ದೀಪವಿರುತ್ತದೆ, ಹಾಗಾಗಿ ಒಂದಳತೆ ದೊಡ್ಡ ಅಕ್ಷರದ ಪ್ರತಿಯನ್ನೇ ಕೊಳ್ಳಿ. ಹಾಳೆ ಬಹಳ ತೆಳು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ. ಬಣ್ಣದ ಪೆನ್ಸಿಲ್ ಬಳಸಿ. ಪುಸ್ತಕವನ್ನು ನಡುವೆ ಬಿಡಿಸಿ ನೋಡಿ, ದಾರದ ಹೊಲಿಗೆ ಕಂಡರೆ ಬಾಳಿಕೆ ಬರುತ್ತದೆ. ಬರೀ ಅಂಟಿನದ್ದಾದರೆ ದಿನವೂ ತೆರೆಯುವ ಕೀರ್ತನೆಗಳ ಭಾಗವೇ ಮೊದಲು ಕಳಚಿಕೊಳ್ಳುತ್ತದೆ.

ಫೋನಿನವರಿಗೆ ಯೂವರ್ಷನ್ ಬೈಬಲ್ ಆ್ಯಪ್. ಉಚಿತ, ಜಾಹೀರಾತು ಇಲ್ಲ, ಐಫೋನಿಗೆ 2008ರಲ್ಲೇ ಬಂದದ್ದು. ಬೈಬಲ್ ಪುಟದ ಮೇಲ್ಭಾಗದಲ್ಲಿ ಅನುವಾದದ ಸಂಕ್ಷಿಪ್ತ ಹೆಸರನ್ನು ಒತ್ತಿ, ಭಾಷೆ ಕನ್ನಡ ಆರಿಸಿ, ಬೇಕಾದ ಅನುವಾದವನ್ನು ಇಳಿಸಿಕೊಳ್ಳಿ. ಇದನ್ನು ಮನೆಯಲ್ಲಿ ವೈಫೈ ಇರುವಾಗಲೇ ಮಾಡಿ ಮುಗಿಸಿ. ತೀವ್ರ ನಿಗಾ ಘಟಕ ನೆಲಮಾಳಿಗೆಯಲ್ಲಿದ್ದರೆ ನೆಟ್‌ವರ್ಕ್ ಸಿಗದು. ಪಠ್ಯ ನೆಟ್‌ವರ್ಕ್ ಇಲ್ಲದೆಯೂ ತೆರೆದುಕೊಳ್ಳುತ್ತದೆ, ಆದರೆ ಧ್ವನಿಗೆ ಇಂಟರ್ನೆಟ್ ಬೇಕು. ಹಾಸಿಗೆ ಹಿಡಿದವರಿಗೆ, ಕಣ್ಣು ಮಂಜಾದವರಿಗೆ ಧ್ವನಿಯೇ ದೊಡ್ಡ ಆಸರೆ, ಆದ್ದರಿಂದ ಡೇಟಾ ಮುಗಿಯದಂತೆ ನೋಡಿಕೊಳ್ಳಿ. ಪ್ರಾರ್ಥನಾ ವಿಷಯಗಳನ್ನು ಬರೆದಿಡುವ ಸೌಲಭ್ಯವೂ ಇದೆ. ಅಲ್ಲಿ ಇನ್ನೊಬ್ಬರ ಕಾಯಿಲೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಹಂಚಬೇಡಿ.

ಆ್ಯಪ್ ತೆರೆದ ಕೂಡಲೇ ಕಾಣುವ ‘ದಿನದ ವಚನ’ದ ವಿಷಯದಲ್ಲಿ ಎಚ್ಚರ ಬೇಕು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಚೀಟಿ ಎತ್ತಿ ಪಡೆಯುವ ವಾಗ್ದಾನ ವಾಕ್ಯದಂತೆಯೇ ಇದೂ ಒಂಟಿ ವಚನ. ಪ್ರವಾದಿ ಯೆರೆಮೀಯನ ಗ್ರಂಥದ 29:11 (29ನೆಯ ಅಧ್ಯಾಯದ 11ನೆಯ ವಚನ) ಬಹಳ ಜನಪ್ರಿಯ: ನಿಮಗೆ ಒಳ್ಳೆಯದನ್ನೇ ಎಣಿಸಿದ್ದೇನೆ ಎಂಬ ಮಾತು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು, ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಎಂದಿದೆ. ಅದನ್ನು ಬಿಟ್ಟು ಓದಿದವರು ಮೂರು ವಾರದಲ್ಲಿ ಕೆಲಸ ಸಿಗದಿದ್ದರೆ ತಮ್ಮ ನಂಬಿಕೆಯೇ ಸಾಲದು ಎಂದು ಕುಗ್ಗುತ್ತಾರೆ. ಕೇಡು ಬಾರದಂತೆ ದೇವರು ಕಾಯುತ್ತಾನೆ ಎನ್ನುವ 91ನೆಯ ಕೀರ್ತನೆಯದೂ ಇದೇ ಪಾಡು. ದಿಂಬಿನ ಕೆಳಗೆ ತಾಯಿತದಂತೆ ಇಡುತ್ತಾರೆ. ಮತ್ತಾಯ 4ರಲ್ಲಿ ಸೈತಾನನು ಯೇಸುವಿನ ಮುಂದೆ ಎತ್ತಿ ಆಡುವುದು ಇದೇ ಕೀರ್ತನೆಯನ್ನು! ಅದನ್ನು ಕಿತ್ತು ಬಳಸಬಾರದೆಂದು ತಿಳಿಯಲು ಅಷ್ಟು ಸಾಕು.

ಆದ್ದರಿಂದ ಆರಂಭ 13ನೆಯ ಕೀರ್ತನೆಯಿಂದ ಆಗಲಿ. ಬರೀ 6 ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ, 3 ಮತ್ತು 4ರಲ್ಲಿ ಬೇಡಿಕೆ, 5 ಮತ್ತು 6ರಲ್ಲಿ ಭರವಸೆ. ಮೊದಲ ಸಲ ಸುಮ್ಮನೆ ದನಿಯೆತ್ತಿ ಓದಿ. ಎರಡನೆಯ ಸಲ ‘ಶತ್ರು’ ಬಂದಲ್ಲಿ ನಿಮ್ಮನ್ನು ಕಾಡುವುದರ ಹೆಸರು ಹೇಳಿ, ಅದು ಬಡ್ಡಿಯಾಗಲಿ, ಗಡ್ಡೆಯಾಗಲಿ. ಆಮೇಲೆ ಎರಡು ನಿಮಿಷ ಮೌನ. ಕೊನೆಯ ಎರಡು ವಚನ ನಾಲಿಗೆಗೆ ಬರದಿದ್ದರೆ ಅವತ್ತಿಗೆ 4ಕ್ಕೇ ನಿಲ್ಲಿಸಿ. ಅಲ್ಲಿ ನಿಂತರೂ ಅದು ಪ್ರಾರ್ಥನೆಯೇ. 88ನೆಯ ಕೀರ್ತನೆಯನ್ನು ನೋಡಿ: 18 ವಚನ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಪುಸ್ತಕದಿಂದ ತೆಗೆಯಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು, ಪ್ರಾಣ ಬಿಡುವಾಗ ನುಡಿದದ್ದು 31ರ 5ನೆಯ ವಚನ. ದೇವರ ಮುಂದೆ ಗೋಳಾಡುವುದು ಅಪನಂಬಿಕೆ ಎನ್ನುವವರಿಗೆ ಈ ಎರಡನ್ನು ತೋರಿಸಬಹುದು.

ನಿದ್ದೆ ಬಾರದವರಿಗೆ 4ನೆಯ ಕೀರ್ತನೆ, ಎದ್ದ ಮೇಲೆ 3ನೆಯದು, ಎರಡೂ 8 ವಚನ. ರಾತ್ರಿ ಕಾಯುವವರಿಗೆ 130, ಅದರಲ್ಲಿ ಬೆಳಗನ್ನು ಎದುರುನೋಡುವ ಕಾವಲುಗಾರರ ಮಾತು ಎರಡು ಸಲ ಬರುತ್ತದೆ. ತಿಂಗಳಲ್ಲಿ 150 ಕೀರ್ತನೆಗಳನ್ನೂ ಮುಗಿಸುವ ರೂಢಿ ಕೆಲವರಲ್ಲಿದೆ: ತಾರೀಕಿನ ಕೀರ್ತನೆ, ಅದಕ್ಕೆ 30 30 ಕೂಡಿಸುತ್ತಾ ಹೋದಂತೆ ಇನ್ನು ನಾಲ್ಕು. 7ನೆಯ ತಾರೀಕಿಗೆ 7, 37, 67, 97, 127. ಸಂಕಟದಲ್ಲಿರುವವರಿಗೆ ಇದು ಹೊರೆ. ದಿನಕ್ಕೆ ಎರಡು ಸಾಕು. ಮೊದಲ ಪುಸ್ತಕ ಆದಿಕಾಂಡದಿಂದ ಶುರುಮಾಡಿ ಮೂರನೆಯದಾದ ಯಾಜಕಕಾಂಡದಲ್ಲಿ ನಿಂತುಹೋದವರು ಬಹಳ ಮಂದಿ, ಆ ದಾರಿ ಈ ಹೊತ್ತಿಗಲ್ಲ.

ಒಬ್ಬರೇ ಆಗದಿದ್ದರೆ ಸಭೆಯವರನ್ನು ಕರೆಯಿರಿ. ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬ 5:14 ಹೇಳುತ್ತದೆ. ಔಷಧಿ ಬಿಡಿ ಎಂದು ಅಲ್ಲಿ ಎಲ್ಲೂ ಇಲ್ಲ. ಅಪೊಸ್ತಲ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದ್ದಾನೆ. ಉಪವಾಸ ಪ್ರಾರ್ಥನೆಯೆಂದು ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು, ವೈದ್ಯರನ್ನು ಕೇಳದೆ ಮಾಡಬೇಡಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಭೇಟಿಗೆ ಹೋಗುವವರು, ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರನ್ನು ನೆನೆಯಲಿ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು, ಅಷ್ಟು ಹೊತ್ತೂ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ಹುಡುಕತೊಡಗಿದಾಗ ಗಾಯ ಹೆಚ್ಚಿತು. ಸತ್ಯವೇದ ಕೊಡುವಾಗ ಗುರುತಿನ ದಾರವನ್ನು 13ನೆಯ ಕೀರ್ತನೆಯ ಹಾಳೆಯಲ್ಲಿಟ್ಟು, ಅಂಚಿನಲ್ಲಿ ಪೆನ್ಸಿಲಿನಿಂದ ಆ ದಿನದ ತಾರೀಕು ಬರೆದು, ಕೇಳಿದರೆ ಮಾತ್ರ ಓದಿ.