ಡೆಕ್ಸ್‌ಆನ್‌ಲೈನ್: ಒಂದು ಕೊಕ್ಕರೆಯ ಮೂಲ ಹುಡುಕಿ ನೋಡಿದರೆ

ರೊಮೇನಿಯನ್ ಪದಗಳ ಹುಟ್ಟು ಹುಡುಕಲು ಡೆಕ್ಸ್‌ಆನ್‌ಲೈನ್ ತಾಣಕ್ಕಿಂತ ಒಳ್ಳೆಯ ಪುಕ್ಕಟೆ ಸಾಧನ ಇಲ್ಲ. 2001ರಿಂದ ನಡೆಯುತ್ತಿದೆ. 1929ರ ಶೈನ್ಯಾನು, 1939ರ ಸ್ಕ್ರಿಬಾನ್ ಕೋಶಗಳಿಂದ ಹಿಡಿದು ರೊಮೇನಿಯನ್ ಅಕಾಡೆಮಿಯ ವಿವರಣಾತ್ಮಕ ಕೋಶ ‘ಡೆಕ್ಸ್’ವರೆಗೆ ಎಲ್ಲವೂ ಒಂದೇ ಪುಟದಲ್ಲಿ ಕೆಳಗೆ ಕೆಳಗೆ ಬರುತ್ತವೆ. ತೊಡಕಿರುವುದು ಓದುವುದರಲ್ಲಿ.

‘ಬಾರ್ಜ಼’ ಎಂಬ ಪದ ತೆಗೆದುಕೊಳ್ಳಿ, ರೊಮೇನಿಯನ್ನಿನಲ್ಲಿ ಬಿಳಿ ಕೊಕ್ಕರೆ ಎಂದರ್ಥ. ಅಕ್ಷರದ ಮೇಲಿನ ಚಿಹ್ನೆ ಬಿಟ್ಟು ಟೈಪಿಸಿದರೂ ಪದ ಸಿಗುತ್ತದೆ, ಬಹುವಚನ ‘ಬೆರ್ಜೆ಼’ಯೂ ಸಿಗುತ್ತದೆ. (ಇದೇ ಧಾರಾಳತನ ಕೆಲವೊಮ್ಮೆ ಕಾಟ. ‘ಫಾತಾ’ ಅಂತ ಚಿಹ್ನೆಯಿಲ್ಲದೆ ಹೊಡೆದರೆ ಹುಡುಗಿ, ಮುಖ, ಮರಿ ಹಾಕುವುದು, ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ತವೆ.) ವ್ಯುತ್ಪತ್ತಿ ಇರುವುದು ವಿವರಣೆಯ ಕೊನೆಯಲ್ಲಿ, ಅಡ್ಡಗೆರೆಯ ಆಚೆ: ‘ಚೆ.ಎಫ್. ಆಲ್ಬ. ಬಾರ್ಧ’. ಆಲ್ಬೇನಿಯನ್ನಿನಲ್ಲಿ ‘ಬಾರ್ಧ’ ಎಂದರೆ ಬಿಳಿ.

ಹೆಚ್ಚಿನವರು ಎಡವುವುದು ಇಲ್ಲೇ. ‘ಚೆ.ಎಫ್.’ ಎಂದರೆ ‘ಹೋಲಿಸಿ ನೋಡಿ’ ಅಷ್ಟೇ, ‘ಅಲ್ಲಿಂದ ಬಂತು’ ಅಲ್ಲ. ಎರವಲು ಪದವಾದರೆ ‘ದಿನ್’ (ಅಂದರೆ ‘ಇಂದ’) ಎಂದು ಬರೆಯುತ್ತಾರೆ. ಲ್ಯಾಟಿನ್‌ನಿಂದ ಬಾಯಿಂದ ಬಾಯಿಗೆ ಉಳಿದುಬಂದ ನಾಯಿ, ಕುದುರೆಯಂಥ ಪದಗಳಿಗೆ ‘ದಿನ್’ ಇಲ್ಲದೆ ಬರೀ ‘ಲಾತ್.’ ಇರುತ್ತದೆ. ಬಾರ್ಜ಼ಕ್ಕೆ ಈ ಎರಡೂ ಸಲ್ಲುವುದಿಲ್ಲ. ಆಲ್ಬೇನಿಯನ್ನಿನ ‘ಧ’ ಇರುವಲ್ಲಿ ರೊಮೇನಿಯನ್ನಿನಲ್ಲಿ ‘ಜ಼’ ಬರುವುದು ಇದೊಂದೇ ಕಡೆ ಅಲ್ಲ: ಬ್ಯಾಜರ್ ಎಂಬ ಬಿಲ ತೋಡುವ ಪ್ರಾಣಿಗೆ ಅಲ್ಲಿ ‘ವ್ಯೆಧುಲ’, ಇಲ್ಲಿ ‘ವಿಯೆಜು಼ರೆ’. ಅಂದರೆ ಇವತ್ತಿನ ಆಲ್ಬೇನಿಯನ್ನಿನಿಂದ ಕಡ ತಂದದ್ದಲ್ಲ, ಎರಡಕ್ಕೂ ಹಿಂದೆ ಒಂದು ಹಳೆಯ ಬಾಲ್ಕನ್ ರೂಪವಿದೆ. ಈ ನಿಯಮವನ್ನು ‘ಡೆಕ್ಸ್’ ಕೋಶ ಬಿಡಿಸಿ ಹೇಳುವುದಿಲ್ಲ, ಎರಡೂ ಪದ ತೆರೆದು ಪಕ್ಕಪಕ್ಕ ಇಟ್ಟುಕೊಂಡು ನಾವೇ ಕಾಣಬೇಕು. ಇದು ದೊಡ್ಡ ಕೊರತೆ.

ಇನ್ನೂ ಹಿಂದಕ್ಕೂ ಕೋಶ ಹೋಗುವುದಿಲ್ಲ. ‘ಬಾರ್ಧ’ದ ಬೇರು ‘ಹೊಳೆ, ಬೆಳ್ಳಗಿರು’ ಎಂಬ ಇಂಡೋ-ಯುರೋಪಿಯನ್ ಧಾತು. ನಮ್ಮ ಭೂರ್ಜಪತ್ರದ ‘ಭೂರ್ಜ’ ಎಂಬ ಆ ಬಿಳಿ ತೊಗಟೆಯ ಮರದ ಹೆಸರೂ ಅದರದ್ದೇ ಸಂತಾನ.

‘ಎತ್. ನೆಕ್.’ ಕಂಡರೆ ಮೂಲ ತಿಳಿದಿಲ್ಲ ಎಂದರ್ಥ. ಆಗ ಪುಟ ಕೆಳಗಿಳಿಸಿ ಚೋರನೆಸ್ಕುವಿನ ವ್ಯುತ್ಪತ್ತಿ ಕೋಶ ನೋಡಿ: 1958ರಿಂದ 1966ರವರೆಗೆ, ಅದೂ ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಅಚ್ಚಾದದ್ದು. ಹಳೆಯ ಕೋಶಗಳು ಊಹೆಯನ್ನೂ ಧೈರ್ಯವಾಗಿ ಬರೆದುಬಿಡುತ್ತವೆ, ಹಾಗಾಗಿ ನಂಬುವ ಮೊದಲು ಆವರಣದಲ್ಲಿರುವ ಇಸವಿಯ ಮೇಲೊಮ್ಮೆ ಕಣ್ಣು ಹಾಯಿಸಿ.