ಬೀಡಿನ ಬಾಣಲೆ, ದಪ್ಪ ಮಾಂಸ ಮತ್ತು ಮೂಡಿಗೆರೆಯ ಮಳೆ: ಬಹುಕಾಲದ ಬಳಕೆಯ ನಂತರ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ದಪ್ಪ ಮಾಂಸದ ಹೊರಮೈಯನ್ನು ಕೆಂಪಗೆ, ಗರಿಗರಿಯಾಗಿ ಹುರಿಯುವುದರಲ್ಲಿ ಹತ್ತು ಇಂಚಿನ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆಗೆ ನನ್ನ ಅಡುಗೆಮನೆಯಲ್ಲಿ ಸಾಟಿಯಿಲ್ಲ. ಅದೇ ಮಾಂಸದ ಒಳಭಾಗವನ್ನು ಹದವಾಗಿ ಬೇಯಿಸುವುದು ಮಾತ್ರ ಅದರಿಂದ ಆಗದ ಕೆಲಸ. ಎರಡೂ ಕೆಲಸ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಮುಗಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಆ ಮಾತು ನಂಬಿ ಕೊಂಡವರ ಬಾಣಲೆಗಳು ಈಗ ಎಷ್ಟೋ ಮನೆಗಳ ಅಟ್ಟದಲ್ಲಿ ತುಕ್ಕು ಹಿಡಿಯುತ್ತಿವೆ. ನನ್ನದು ಇನ್ನೂ ಒಲೆಯ ಮೇಲಿದೆ, ಇನ್ನೂ ಇರುತ್ತದೆ. ಆದರೆ ಅದಕ್ಕೆ ಜೊತೆಯಾಗಿ ಇನ್ನೊಂದು ಸಣ್ಣ ಉಪಕರಣ ಬೇಕಾಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ನನ್ನ ಬಾಣಲೆಯ ತೂಕ ಎರಡೂಕಾಲು ಕಿಲೋ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆನ್‌ಲೈನ್‌ನಿಂದ ತರಿಸಿದ್ದು. ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಈ ಬೆಲೆಯ ಬಾಣಲೆಗಳೆಲ್ಲ ಹೆಚ್ಚುಕಡಿಮೆ ಒಂದೇ, ಮೇಲೆ ಅಂಟಿಸಿದ ಚೀಟಿ ಮಾತ್ರ ಬೇರೆ. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಬೀಡು ಇಲ್ಲವೆಂದಲ್ಲ. ಅತ್ತೆಯವರ ದೋಸೆ ಕಾವಲಿ ಇದೆ, ವರ್ಷಗಟ್ಟಲೆ ದೋಸೆ ಹುಯ್ದು ನುಣುಪಾದದ್ದು. ಅದನ್ನು ಕೇಳಿದಾಗ ಅವರು ಈರುಳ್ಳಿ ಹೋಳನ್ನು ಕಾವಲಿಗೆ ಉಜ್ಜುತ್ತಲೇ, “ಹಂದಿ ಮಾಡಿಕೋ, ಬೇಡ ಅನ್ನುವುದಿಲ್ಲ. ಈ ಕಾವಲಿಯ ಮೇಲೆ ಮಾತ್ರ ಬೇಡ ಕಣಮ್ಮ” ಎಂದರು. ಅದರಲ್ಲಿ ತಪ್ಪೇನೂ ಇಲ್ಲ. ಹಂದಿಯ ನೆಣ ಕುಡಿದ ಕಾವಲಿಯಲ್ಲಿ ಮರುದಿನದ ದೋಸೆಗೆ ಯಾವ ವಾಸನೆ ಬರುತ್ತದೆಂದು ತಿಳಿಯಲು ಪ್ರಯೋಗ ಬೇಕಾಗಿಲ್ಲ.

ಸ್ಟೇಕ್ ಎಂದರೆ ಹೊರದೇಶಗಳಲ್ಲಿ ಮುಖ್ಯವಾಗಿ ದನದ ಮಾಂಸದ ದಪ್ಪ ಹೋಳು. ಒಳಭಾಗ 54ರಿಂದ 57 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಿ, ನಡುವೆ ಗುಲಾಬಿ ಬಣ್ಣ ಇರುವಾಗಲೇ ತಿನ್ನುವುದು ಅಲ್ಲಿನ ಮೆಚ್ಚಿನ ಹದ. ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ನಂತರ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳ ಮಾಂಸಕ್ಕಷ್ಟೇ ದಾರಿ ಉಳಿದಿದೆ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದರೆ ರುಚಿ. ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು ತಿನ್ನುವುದು ಹಲ್ಲಿಗೆ ಕೊಡುವ ಶಿಕ್ಷೆ. ಹಾಗಾಗಿ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ದಪ್ಪ ಹೋಳೆಂದರೆ ಹಂದಿಯೇ. ಈ ವಿಮರ್ಶೆಯೂ ಅದರದೇ.

ಹೋಳು ಸಿಗುವುದೂ ಸುಲಭವಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಯವರ ಕತ್ತಿಗೆ ಸಾರಿನ ತುಂಡು ಬಿಟ್ಟು ಬೇರೆ ಅಳತೆ ಗೊತ್ತಿರುವುದಿಲ್ಲ. “ಅಣ್ಣ, ಕೊಚ್ಚಬೇಡಿ, ಎರಡು ಬೆರಳು ದಪ್ಪಕ್ಕೆ ಹಾಗೆಯೇ ಕೊಡಿ” ಎಂದರೆ, “ಇಷ್ಟು ದಪ್ಪದ್ದು ಬೇಯುತ್ತದೆಯೇ ಅಕ್ಕ?” ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬೆನ್ನಿನ ಭಾಗ ನೋಡಲು ಚೆಂದ, ಆದರೆ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಕುತ್ತಿಗೆಗೆ ಹತ್ತಿರದ ಭುಜದ ಭಾಗದಲ್ಲಿ ಮಾಂಸದ ನಡುನಡುವೆ ನೆಣ ಹರಿದಿರುತ್ತದೆ. ನನ್ನ ಮತ ಅದಕ್ಕೆ.

ಇನ್ನು ಬಾಣಲೆಯ ವಿಷಯ. ಬೀಡು ಶಾಖವನ್ನು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಮಾತನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದು ಸುಳ್ಳು. ಶಾಖ ಹರಿಸುವುದರಲ್ಲಿ ಬೀಡು ಅಲ್ಯೂಮಿನಿಯಂನ ಸುಮಾರು ಕಾಲು ಭಾಗ ಅಷ್ಟೇ. ಗ್ಯಾಸ್ ಒಲೆಯ ಸಣ್ಣ ಬರ್ನರ್ ಮೇಲಿಟ್ಟು ಎರಡು ನಿಮಿಷ ಬಿಟ್ಟು ನೋಡಿ, ನಡುವೆ ಎಣ್ಣೆ ಹೊಗೆಯಾಡುತ್ತಿರುತ್ತದೆ, ಅಂಚು ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಅದರ ನಿಜವಾದ ಶಕ್ತಿ ತೂಕದಲ್ಲಿದೆ. ನಿಧಾನವಾಗಿ ಕಾದರೂ ಕಾದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆಳ್ಳಗಿನ ನಾನ್‌ಸ್ಟಿಕ್ ಬಾಣಲೆಗೆ ಅರ್ಧ ಕಿಲೋ ತಣ್ಣನೆಯ ಮಾಂಸ ಹಾಕಿದರೆ ಅದರ ಬಿಸಿ ತಟ್ಟನೆ ಇಳಿದುಹೋಗುತ್ತದೆ, ಮಾಂಸ ನೀರು ಬಿಡುತ್ತದೆ, ಆ ನೀರಿನಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ. ಬೀಡಿನಲ್ಲಿ ಹಾಗಾಗುವುದಿಲ್ಲ.

ಮಾಂಸ ಕೆಂಪಗಾಗಿ ಪರಿಮಳ ಬರುವ ಕ್ರಿಯೆಯನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದರು. ಅದು ಚುರುಕಾಗಲು ಮೇಲ್ಮೈಯ ಬಿಸಿ ಸುಮಾರು 140 ಡಿಗ್ರಿ ದಾಟಬೇಕು. ಮಾಂಸದ ಮೇಲೆ ನೀರಿನ ಪಸೆ ಇರುವ ತನಕ ಅದು ನೀರು ಕುದಿಯುವ ಬಿಸಿಯನ್ನು ದಾಟುವುದಿಲ್ಲ. ಇಷ್ಟು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡುತ್ತೇನೆ. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಆ ಉಪ್ಪುನೀರು ಒಳಗೆ ಇಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಹಾಕುವ ಮುಂಚೆ ಬಟ್ಟೆಯಿಂದ ಒತ್ತಿ ಒರೆಸುತ್ತೇನೆ. ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ, ಆಗಾಗ ತಿರುಗಿಸುತ್ತಾ ಕಾಯಿಸುತ್ತೇನೆ. ಎಣ್ಣೆಯಾಗಿ ರಿಫೈನ್ಡ್ ಕಡಲೆಕಾಯಿ ಎಣ್ಣೆ ಅಥವಾ ತುಪ್ಪ. ಎರಡೂ 230 ಡಿಗ್ರಿಯ ಆಚೀಚೆ ತಡೆಯುತ್ತವೆ. ಬೆಣ್ಣೆ ಅಷ್ಟು ಬಿಸಿಗೆ ಕರಕಲಾಗುತ್ತದೆ, ಬೇಕಾದರೆ ಕೊನೆಗೆ ಒಂದು ಚಮಚ. ಕಾಳುಮೆಣಸು ತೋಟದ್ದೇ ಇದ್ದರೂ ಮೊದಲೇ ಹಾಕಬಾರದು, ಸುಟ್ಟು ಕಹಿಯಾಗುತ್ತದೆ. ಇಳಿಸಿದ ಮೇಲೆ ಕುಟ್ಟಿ ಉದುರಿಸಿ.

ಹೊರಗೆ ಕೆಂಪಗಾದರೆ ರಸ ಒಳಗೇ ಮುಚ್ಚಿಕೊಳ್ಳುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಹಬ್ಬಿಸಿದ ನಂಬಿಕೆ. ಅದು ತಪ್ಪೆಂದು ತೋರಿಸಿ ಬಹಳ ಕಾಲವಾಯಿತು. ಬಾಣಲೆಯ ಚುರ್ ಸದ್ದೇ ರಸ ಹೊರಬರುತ್ತಿರುವ ಸದ್ದು. ಹಾಗಾಗಿ ಒಂದೇ ಬಾರಿ ಮಗುಚಬೇಕೆಂಬ ಕಟ್ಟುಪಾಡೂ ಬೇಡ. ನಿಮಿಷಕ್ಕೊಮ್ಮೆ ಮಗುಚಿದರೆ ಎರಡೂ ಬದಿ ಇನ್ನೂ ಸಮನಾಗಿ ಬೇಯುತ್ತದೆ.

ಇಷ್ಟೆಲ್ಲ ಮಾಡಿದರೂ ಅಂಗಡಿಯವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎರಡು ಬೆರಳು ದಪ್ಪದ ಹೋಳನ್ನು ಕಾದ ಬೀಡಿನ ಮೇಲೆ ಕೊನೆಯವರೆಗೂ ಬಿಟ್ಟರೆ ಹೊರಗೆ ಇದ್ದಿಲು, ಒಳಗೆ ಹಸಿ. ದಪ್ಪ ಮಾಂಸದ ನಡುವಿಗೆ ಬಿಸಿ ಇಳಿಯುವುದು ತುಂಬಾ ನಿಧಾನ, ಬಾಣಲೆ ಎಷ್ಟು ಕಾದಿದ್ದರೂ ಆ ವೇಗ ಹೆಚ್ಚುವುದಿಲ್ಲ. ಅದಕ್ಕೆ ಈಗ ನನ್ನ ಕ್ರಮವೇ ತಿರುವುಮುರುವು. ಕೇಕಿಗೆಂದು ಕೊಂಡಿದ್ದ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 120 ಡಿಗ್ರಿಗೆ ಇಟ್ಟು ಒಳಭಾಗ 55 ತಲುಪುವವರೆಗೆ ಮೆಲ್ಲಗೆ ಬೇಯಿಸುವುದು, ಉಳಿದ ಬಿಸಿ ಏರಿಸಲು ಕೊನೆಗೆ ಮಾತ್ರ ಬೀಡಿನ ಮೇಲೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬೇರೆ ದಾರಿ ಇದೆ. ದಪ್ಪ ತಳದ ಪಾತ್ರೆಯಲ್ಲಿ ಇಡ್ಲಿ ಸ್ಟ್ಯಾಂಡಿನ ಒಂದು ತಟ್ಟೆ, ಅದರ ಮೇಲೆ ಮಾಂಸ, ಮೇಲೆ ಮುಚ್ಚಳ, ಕೆಳಗೆ ಅತಿ ಸಣ್ಣ ಉರಿ, ನೀರು ಹಾಕಬಾರದು. ಓಟಿಜಿಯಷ್ಟು ನಯವಾಗಿ ಆಗುವುದಿಲ್ಲ, ನಡುವೆ ಒಮ್ಮೆ ಮಗುಚಬೇಕು, ಆದರೂ ಆಗುತ್ತದೆ.

55 ತಲುಪಿತೆಂದು ತಿಳಿಯುವುದು ಹೇಗೆ? ಬೆರಳಿನಿಂದ ಒತ್ತಿ ನೋಡಿ ಹೇಳುವವರು ಇದ್ದಾರೆ. ಅದು ದಿನಕ್ಕೆ ನೂರು ಹೋಳು ಹುರಿಯುವ ಹೋಟೆಲಿನವರಿಗೆ ಸರಿ. ನನಗೆ ಬೇಕಾದದ್ದು ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್. ಸಾವಿರ ರೂಪಾಯಿಯ ಒಳಗಿನ ಈ ಕಡ್ಡಿ ಎರಡು ಸಾವಿರದ ಬಾಣಲೆಗಿಂತ ದೊಡ್ಡ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ನಾನು ಕಡ್ಡಿಯನ್ನು ಆರಿಸುತ್ತೇನೆ. ಮೊನೆ ಹೋಳಿನ ಬದಿಯಿಂದ ಸರಿಯಾಗಿ ನಡುವಿಗೆ ಇಳಿಯಬೇಕು, ಮೂಳೆಗೆ ತಾಗಬಾರದು. ಸರಿಯಿದೆಯೇ ಎಂದು ಪರೀಕ್ಷಿಸಲು ಕುದಿಯುವ ನೀರಿಗಿಟ್ಟು 100 ತೋರಿಸುತ್ತದೆಯೇ ನೋಡಿ ಎಂದು ಸೂಚನಾಪತ್ರ ಹೇಳುತ್ತದೆ. ನಮ್ಮೂರಿನಲ್ಲಿ ಅದು ತೋರಿಸುವುದಿಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ದೋಷವೆಂದು ಹಿಂದಿರುಗಿಸಲು ಹೋಗಬೇಡಿ. ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಚುಚ್ಚಿ, ಸೊನ್ನೆ ತೋರಿಸಿದರೆ ಸರಿ.

ಹಂದಿಯ ವಿಷಯದಲ್ಲಿ ಈ ಅಂಕಿ ಬರೀ ರುಚಿಗಲ್ಲ. ಅಮೆರಿಕದ ಕೃಷಿ ಇಲಾಖೆ 2011ರಿಂದ ಇಡೀ ಹೋಳಿಗೆ 63 ಡಿಗ್ರಿ ಮತ್ತು ಇಳಿಸಿದ ಮೇಲೆ ಮೂರು ನಿಮಿಷದ ವಿರಾಮ ಸಾಕು ಎನ್ನುತ್ತದೆ. ಕೊಚ್ಚಿದ ಮಾಂಸಕ್ಕೆ 71. ಅಲ್ಲಿನ ಹಂದಿ ಸಾಕುವ ಕ್ರಮ ಬೇರೆ. ನಮ್ಮ ದೇಶದಲ್ಲಿ ಹಂದಿ ಮಾಂಸದ ಲಾಡಿಹುಳು ಇನ್ನೂ ನಿಜವಾದ ಸಮಸ್ಯೆ. ನಾನು ಒಳಭಾಗವನ್ನು 70ರವರೆಗೆ ಒಯ್ಯುತ್ತೇನೆ, ಗುಲಾಬಿ ಬಣ್ಣದ ಆಸೆ ಇಟ್ಟುಕೊಂಡಿಲ್ಲ. ಭುಜದ ಮಾಂಸ ಆ ಬಿಸಿಯಲ್ಲೂ ರಸ ಉಳಿಸಿಕೊಳ್ಳುತ್ತದೆ. ದಪ್ಪ ಹೋಳು ಇಳಿಸಿದ ಮೇಲೂ ಮೂರು ನಾಲ್ಕು ಡಿಗ್ರಿ ಏರುತ್ತದೆ, ಹಾಗಾಗಿ ಓಟಿಜಿಯಿಂದ 55ಕ್ಕೆ ಬಂದ ಹೋಳು ಬೀಡಿನ ಮೇಲೆ 67 ತಲುಪಿದಾಗ ಇಳಿಸಿ ತಟ್ಟೆಯಲ್ಲಿ ಬಿಡುತ್ತೇನೆ. 70 ತೋರಿಸದಿದ್ದರೆ ಮತ್ತೆ ಬಾಣಲೆಗೆ.

ಇನ್ನು ನಮ್ಮ ಕಡೆಯ ಮಳೆ. ಬಯಲುಸೀಮೆಯಲ್ಲಿ ಕುಳಿತು ಬರೆದ ವಿಮರ್ಶೆಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ. ಕೊಟ್ಟಿಗೆಹಾರದ ಕಡೆಯಿಂದ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ, ಉಪ್ಪಿನ ಜಾಡಿಯಲ್ಲಿ ನೀರು ನಿಲ್ಲುತ್ತದೆ, ಬೀರುವಿನ ಚರ್ಮದ ಬೆಲ್ಟ್ ಬೂಷ್ಟು ಹಿಡಿಯುತ್ತದೆ. ತೊಳೆದು ಬೋರಲು ಹಾಕಿದ ಬೀಡಿನ ಬಾಣಲೆಯಲ್ಲಿ ಬೆಳಗಾಗುವಷ್ಟರಲ್ಲಿ ಕಿತ್ತಳೆ ಚುಕ್ಕೆ. ಬಟ್ಟೆಯಿಂದ ಒರೆಸಿದರೆ ಸಾಲದು. ಒಲೆಯ ಮೇಲಿಟ್ಟು ಹಿಡಿಯ ಬುಡವೂ ಬಿಸಿಯಾಗುವವರೆಗೆ ಕಾಯಿಸಬೇಕು, ಬಿಸಿ ಇರುವಾಗಲೇ ನಾಲ್ಕು ಹನಿ ಎಣ್ಣೆ ಸವರಬೇಕು, ಆಮೇಲೆ ಸವರಿದ್ದೇ ತಪ್ಪಾಯಿತು ಎನ್ನುವಂತೆ ಒಣಬಟ್ಟೆಯಿಂದ ಪೂರ್ತಿ ಒರೆಸಬೇಕು. ಎಣ್ಣೆ ಹೆಚ್ಚಾದರೆ ಜಿಗುಟಾಗಿ, ಎರಡು ವಾರದಲ್ಲಿ ಕಮಟು ವಾಸನೆ ಹೊಡೆಯುತ್ತದೆ. ಮುಂದಿನ ಹೋಳಿಗೂ ಅದೇ ವಾಸನೆ.

ಇಡುವ ಜಾಗವೂ ಮುಖ್ಯ. ಸಿಂಕಿನ ಕೆಳಗಿನ ಕಪಾಟು ಮಳೆಗಾಲದಲ್ಲಿ ಯಾವ ಕಬ್ಬಿಣಕ್ಕೂ ತಕ್ಕ ಜಾಗವಲ್ಲ. ನಮ್ಮ ಮನೆಯಲ್ಲಿ ಸೌದೆ ಒಲೆ ಇನ್ನೂ ಇದೆ, ಅದರ ಮೇಲಿನ ಅಟ್ಟದಲ್ಲಿ ಉಪ್ಪಾಗೆ (ಸಾರಿಗೆ ಹುಳಿಯಾಗಿ ಬಳಸುವ ಹಣ್ಣು) ಒಣಗುವ ಮೂಲೆಯೇ ಬಾಣಲೆಗೆ ಜಾಗ. ಸೌದೆ ಒಲೆ ಇಲ್ಲದವರು ಹಳೆಯ ದಿನಪತ್ರಿಕೆ ಮಡಿಸಿ ಒಳಗಿಟ್ಟು ಫ್ರಿಜ್‌ನ ಮೇಲಿಡಬಹುದು, ಅಲ್ಲಿ ಸಾಮಾನ್ಯವಾಗಿ ಸ್ವಲ್ಪ ಬೆಚ್ಚಗಿರುತ್ತದೆ. ತುಕ್ಕು ಬಂದರೆ ಬಾಣಲೆ ಕೆಟ್ಟಿತೆಂದಲ್ಲ. ತೆಂಗಿನ ನಾರಿಗೆ ಉಪ್ಪು ಹಾಕಿ ತಿಕ್ಕಿ, ತೊಳೆದು, ಕಾಯಿಸಿ, ತೆಳುವಾಗಿ ಎಣ್ಣೆ ಸವರಿ ಹೊಗೆ ಬರುವವರೆಗೆ ಮತ್ತೆ ಕಾಯಿಸಿ. ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಮತ್ತೆ ಪಳಗುತ್ತದೆ. ಪಾತ್ರೆ ತೊಳೆಯುವ ಸಾಬೂನಿಗೆ ಹೆದರಬೇಕಿಲ್ಲ. ಸುಟ್ಟು ಗಟ್ಟಿಯಾದ ಎಣ್ಣೆಯ ಪದರ ಅದಕ್ಕೆ ಬಗ್ಗುವುದಿಲ್ಲ. ಹೆದರಬೇಕಾದದ್ದು ಹುಣಸೆಹಣ್ಣಿಗೆ. ಹಿತ್ತಾಳೆಯಂತೆ ಬೆಳಗಿಸುತ್ತೇನೆಂದು ಯಾರಾದರೂ ಹುಣಸೆ ಹಿಡಿದು ಹೊರಟರೆ ತಡೆಯಿರಿ. ಇದೇ ಕಾರಣಕ್ಕೆ ಉಪ್ಪಾಗೆ ಹುಳಿ ಹಾಕಿದ ಹಂದಿ ಸಾರನ್ನು ಈ ಬಾಣಲೆಯಲ್ಲಿ ಕುದಿಸಬಾರದು: ಪದರವೂ ಹೋಗುತ್ತದೆ, ಸಾರಿಗೆ ಕಬ್ಬಿಣದ ರುಚಿಯೂ ಇಳಿಯುತ್ತದೆ. ಸಾರಿಗೆ ಬೇರೆ ಪಾತ್ರೆಗಳಿವೆ.

ದೂರುಗಳು ಕೆಲವು ಇವೆ. ಮೊದಲು ಬಂದ ಬಾಣಲೆಯ ಅಂಚಿನಲ್ಲಿ ಸೀಳು ಇತ್ತು. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಕೊರಿಯರಿನವರು ಎಸೆದರೋ ಕಾರ್ಖಾನೆಯಲ್ಲೇ ಆಗಿತ್ತೋ ಎಂಬ ಚರ್ಚೆಯಲ್ಲಿ ಫೋನು ಕೈಬದಲಾಯಿಸುತ್ತಾ ಹೋಯಿತು, ಬದಲಿ ಬಾಣಲೆ ಬಂತು. ಪೆಟ್ಟಿಗೆ ಬಂದ ಕೂಡಲೇ ಬಿಚ್ಚಿ, ಚಮಚದಿಂದ ತಟ್ಟಿ ನೋಡಿ. ಗಂಟೆಯ ನಾದ ಬರಬೇಕು, ಬಡಕಲು ಸದ್ದು ಬಂದರೆ ಸೀಳು ಇದೆ ಎಂದರ್ಥ. ಬಿಸಿ ಬಾಣಲೆಗೆ ತಣ್ಣೀರು ಸುರಿದರೂ ಇದೇ ಗತಿ. ಹಿಡಿ ಗಿಡ್ಡ, ಬಾಣಲೆಯಷ್ಟೇ ಕಾಯುತ್ತದೆ. ಮಸಿಬಟ್ಟೆ ಒಣಗಿರಲಿ, ಒದ್ದೆಯಾಗಿದ್ದರೆ ಬಿಸಿ ನೇರವಾಗಿ ಅಂಗೈಗೆ ಬರುತ್ತದೆ. ಎಣ್ಣೆ ಬಸಿಯಲು ಮಾಡಿದ ಮೂತಿ ಹೆಸರಿಗಷ್ಟೇ, ಬಸಿದದ್ದರಲ್ಲಿ ಒಂದು ಪಾಲು ಒಲೆಯ ಮೇಲೆ. ಹೊಗೆಯಂತೂ ಧಾರಾಳ. ಕಿಟಕಿ ತೆರೆದರೆ ಮಳೆ ಒಳಗೆ, ಮುಚ್ಚಿದರೆ ಕೆಮ್ಮು ಒಳಗೆ. ಮಣಿಕಟ್ಟಿನ ನೋವಿರುವವರಿಗೆ ಇದನ್ನು ನಾನು ಹೇಳುವುದೇ ಇಲ್ಲ.

ಮೆಚ್ಚುಗೆಯೂ ಬಾಕಿ ಇದೆ. ಹೋಳು ತೆಗೆದ ಮೇಲೆ ಬಾಣಲೆಯಲ್ಲಿ ಉಳಿದ ನೆಣದಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ತೆಳುವಾಗಿ ಕೊಯ್ದ ಮಾಂಸದ ಮೇಲೆ ಸುರಿದು, ಅಕ್ಕಿರೊಟ್ಟಿಯ ಜೊತೆ ತಿನ್ನುವ ಊಟಕ್ಕೆ ನಮ್ಮ ಮನೆಯಲ್ಲಿ ಮೊದಲು ಹೆಸರೇ ಇರಲಿಲ್ಲ, ಈಗ ವಾರ ಮೊದಲೇ ಬೇಡಿಕೆ ಬರುತ್ತದೆ. ಕೊಯ್ಯುವಾಗ ನಾರಿಗೆ ಅಡ್ಡವಾಗಿ ಕೊಯ್ಯಿರಿ.

ಇಂಡಕ್ಷನ್ ಒಲೆಯವರೂ ಕೊಳ್ಳಬಹುದು, ಬೀಡು ಅದರ ಮೇಲೆ ಕೆಲಸ ಮಾಡುತ್ತದೆ. ಶುರುವಿನಲ್ಲೇ ಪೂರ್ತಿ ಶಕ್ತಿಗೆ ಇಡಬೇಡಿ, ನಡು ಒಂದೇ ಕಾದು ತಳ ಸೀಳಬಹುದು. ಗಾಜಿನ ಮೇಲೆ ಎಳೆದಾಡಬೇಡಿ, ಗೀರು ಬೀಳುತ್ತದೆ. ಅಳತೆಯ ವಿಷಯದಲ್ಲಿ ಹನ್ನೆರಡು ಇಂಚಿನದಕ್ಕೆ ಆಸೆ ಪಡಬೇಡಿ. ಮನೆಯ ಬರ್ನರ್ ಅದರ ಅಂಚಿಗೆ ಬಿಸಿ ಮುಟ್ಟಿಸಲಾರದು, ಅಷ್ಟು ತೂಕವನ್ನು ಒಂದು ಕೈಯಲ್ಲಿ ಎತ್ತುವವರೂ ನಮ್ಮ ಮನೆಯಲ್ಲಿ ಇಲ್ಲ.