ಟೈಮಿಂಗ್ ಚೈನ್ ಸೆಟ್: ಡಬಲ್ ರೋಲರ್‌ಗೇ ನನ್ನ ಓಟು

ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಜೊತೆಗೆ ಕ್ಯಾಮನ್ನು (ವಾಲ್ವ್ ತೆರೆಯುವ ದಂಡ) ತಿರುಗಿಸುವುದು ಟೈಮಿಂಗ್ ಚೈನ್. ಬ್ಲಾಕಿನೊಳಗೇ ಕ್ಯಾಮ್ ಇದ್ದು ಕಡ್ಡಿಗಳ ಮೂಲಕ ವಾಲ್ವ್ ತೆರೆಯುವ ಪುಶ್‌ರಾಡ್ ಎಂಜಿನ್ ಬಿಚ್ಚಿ ಕಟ್ಟುವವರು ಯಾವ ಚೈನ್ ಸೆಟ್ ಹಾಕಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಮೂರು ಕೀವೇ (ಕ್ರ್ಯಾಂಕ್ ಗಿಯರಿನಲ್ಲಿ ಕೀಲಿ ಕೂರುವ ಸೀಳು) ಇರುವ ಡಬಲ್ ರೋಲರ್ (ಎರಡು ಸಾಲು ಉರುಳೆಗಳ ಚೈನ್) ಸೆಟ್.

ಪಟ್ಟಿ ಲಿಂಕುಗಳ ಸೈಲೆಂಟ್ ಚೈನ್ ಅಗ್ಗ, ಸದ್ದಿಲ್ಲ, ಆದರೆ ಬೇಗ ಹಿಗ್ಗುತ್ತದೆ. ಅದರ ಜೊತೆ ನೈಲಾನ್ ಹಲ್ಲಿನ ಕ್ಯಾಮ್ ಗಿಯರ್ ಇದ್ದರೆ ಕಿತ್ತೆಸೆಯಿರಿ. ಬಿಸಿಗೆ ಪೆಡಸಾದ ನೈಲಾನ್ ಚೂರುಚೂರಾಗಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಒಂದು ಹಲ್ಲು ಕಾಣೆಯಾಗಿದ್ದರೂ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ನೋಡಲೇಬೇಕು.

ಚೈನಿಲ್ಲದೆ ಗಿಯರ್‌ಗಳಿಂದಲೇ ಕ್ಯಾಮ್ ತಿರುಗಿಸುವ ಗಿಯರ್ ಡ್ರೈವ್ ಹಿಗ್ಗುವುದಿಲ್ಲ, ನಿಜ. ಆದರೆ ಅದರ ಕೀರಲು ಸದ್ದು ದಿನಾ ಓಡಿಸುವ ಗಾಡಿಗಲ್ಲ. ಮೇಲಾಗಿ ಕ್ರ್ಯಾಂಕಿನ ನಡುಕವನ್ನೆಲ್ಲ ಕ್ಯಾಮಿಗೆ ದಾಟಿಸುತ್ತದೆ.

ಡಬಲ್ ರೋಲರ್‌ನಲ್ಲಿ ತಲೆ ತಿನ್ನುವುದು ಕ್ರ್ಯಾಂಕ್ ಗಿಯರಿನ ಗುರುತುಗಳು. 21 ಹಲ್ಲಿನ ಗಿಯರಿನಲ್ಲಿ ಒಂದು ಹಲ್ಲು ಸರಿದರೆ ಸುಮಾರು 17 ಡಿಗ್ರಿ. ಹಾಗಾಗಿ ಹಲ್ಲು ಸರಿಸಿ 4 ಡಿಗ್ರಿ ತಿದ್ದಲಾಗದು. ಅದಕ್ಕೇ ಮೂರು ಕೀವೇಗಳನ್ನು ಹಲ್ಲಿನ ಲೆಕ್ಕಕ್ಕೆ ತುಸು ಆಚೀಚೆ ಕೊರೆದಿರುತ್ತಾರೆ: ಒಂದು ನೇರ, ಒಂದು 4 ಡಿಗ್ರಿ ಮುಂದೆ (ಕ್ಯಾಮ್ ಬೇಗ), ಒಂದು 4 ಡಿಗ್ರಿ ಹಿಂದೆ (ಕ್ಯಾಮ್ ತಡ). ಪ್ರತಿ ಕೀವೇಗೂ ತ್ರಿಕೋನ, ವೃತ್ತದಂಥ ಒಂದು ಚಿಹ್ನೆ, ಅದೇ ಚಿಹ್ನೆಯ ಹಲ್ಲಿನ ಗುರುತುಂಟು. ಕೀಲಿಯನ್ನು ತ್ರಿಕೋನದ ಕೀವೇಗೆ ಕೂರಿಸಿ, ವೃತ್ತದ ಗುರುತನ್ನು ಕ್ಯಾಮಿನ ಚುಕ್ಕೆಗೆ ಹೊಂದಿಸಿದಿರೋ, ತಪ್ಪುವುದು 4 ಡಿಗ್ರಿಯಲ್ಲ, ಎಷ್ಟೋ ಹಲ್ಲು; ಸ್ಟಾರ್ಟ್ ಮಾಡಿದ ಕ್ಷಣವೇ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು. ಯಾವ ಚಿಹ್ನೆಗೆ ಏನರ್ಥವೆಂದು ಡಬ್ಬಿಯ ಚೀಟಿ ನೋಡಿ, ಬೇಡದ ಎರಡು ಗುರುತಿನ ಮೇಲೆ ಮಾರ್ಕರ್ ಎಳೆದುಬಿಡಿ. ಕವರ್ ಹಾಕುವ ಮುನ್ನ ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ; ಎಲ್ಲಿಯಾದರೂ ತಡೆದರೆ ಬಲ ಹಾಕಬೇಡಿ.

ಗುರುತು ಕೂಡಿದರೂ ಡಿಗ್ರಿ ವ್ಹೀಲ್ (ಕ್ರ್ಯಾಂಕಿಗೆ ಸಿಕ್ಕಿಸಿ ಕೋನ ಅಳೆಯುವ ಬಿಲ್ಲೆ) ಬಿಡಬೇಡಿ. ಇನ್‌ಟೇಕ್ ಲೋಬಿನ (ಇನ್‌ಟೇಕ್ ವಾಲ್ವ್ ತೆರೆಯುವ ಕ್ಯಾಮಿನ ಉಬ್ಬು) ತುದಿಗೆ 0.050 ಇಂಚು ಮುಂಚೆ, ಪಿಸ್ಟನ್ ಮೇಲ್ತುದಿ ದಾಟಿ 73 ಡಿಗ್ರಿ, ಲೋಬಿನ ತುದಿ ದಾಟಿ ಅಷ್ಟೇ ಇಳಿದಾಗ 143 ಬಂತೆನ್ನಿ, ಸರಾಸರಿ 108. ಕ್ಯಾಮ್ ಕಾರ್ಡ್ (ಕ್ಯಾಮಿನ ಜೊತೆ ಬರುವ ಅಳತೆಯ ಚೀಟಿ) 106 ಇರಬೇಕು ಎಂದು ಹೇಳಿದರೆ ಕ್ಯಾಮ್ 2 ಡಿಗ್ರಿ ತಡ. 4 ಡಿಗ್ರಿ ಮುಂದೆ ಇರುವ ಕೀವೇಗೆ ಹಾಕಿದರೆ 104, ಅಂದರೆ 2 ಡಿಗ್ರಿ ಬೇಗ. ನಾನು ಬೇಗವನ್ನೇ ಆರಿಸುತ್ತೇನೆ, ಚೈನ್ ಹಿಗ್ಗಿದಂತೆ ಕ್ಯಾಮ್ ತಡವಾಗುತ್ತಲೇ ಹೋಗುತ್ತದಲ್ಲ.

ಲೈನ್ ಹೋನ್ ಮಾಡಿಸಿದ (ಕ್ರ್ಯಾಂಕ್ ಕೂರುವ ಬೇರಿಂಗ್ ರಂಧ್ರಗಳನ್ನು ಸಾಲಾಗಿ ಉಜ್ಜಿಸಿದ) ಬ್ಲಾಕಿನಲ್ಲಿ ಕ್ರ್ಯಾಂಕ್ ಕ್ಯಾಮಿನತ್ತ ಸರಿದು ಹೊಸ ಚೈನೂ ಜೋತಾಡುತ್ತದೆ; 0.005 ಇಂಚು ಗಿಡ್ಡ ಸೆಟ್ ಕೇಳಿ.

ಒಂದೇ ಸಾಲಿನ ಸಿಂಗಲ್ ರೋಲರ್? ಕಂಪನಿಯದೇ (ಸ್ಟಾಕ್) ವಾಲ್ವ್ ಸ್ಪ್ರಿಂಗ್ ಇದ್ದು ದುಡ್ಡಿಗೆ ಕೈ ಬಿಗಿಯಾಗಿದ್ದರೆ ನಡೆದೀತು.